ಉರಿಯೂ ಇಲ್ಲದ, ಊತವೂ ಇಲ್ಲದ ಮಿದುಳಿನ ಉರಿಯೂತ

ಉರಿಯೂತ ಎಂದರೆ ಉರಿ ಮತ್ತು ಊತ. ಕಾಲಿಗೆ ಮುಳ್ಳು ಚುಚ್ಚಿದ ಮರುದಿನ ಆ ಜಾಗ ಕೆಂಪಗಾಗಿ, ಬಿಸಿಯಾಗಿ, ಬಾತು ನೋಯುತ್ತದಲ್ಲ, ಅದಕ್ಕೆ ಈ ಪದ ಹೇಳಿ ಮಾಡಿಸಿದಂತಿದೆ. ಇದೇ ಪದವನ್ನು ಅಲ್ಝೈಮರ್ ಕಾಯಿಲೆಯ ಮಿದುಳಿಗೆ ಹಚ್ಚಿದಾಗ ಎರಡು ಅರ್ಧವೂ ತಪ್ಪುತ್ತವೆ. ಮಿದುಳಿನ ಒಳಗೆ ನೋವು ಗ್ರಹಿಸುವ ನರತುದಿಗಳೇ ಇಲ್ಲ, ಹಾಗಾಗಿ ಉರಿ ಇಲ್ಲ. ಊತದ ಮಾತಂತೂ ತಿರುಗುಮುರುಗು. ಸುಮಾರು 1,300 ಗ್ರಾಂ ತೂಗಬೇಕಾದ ಮಿದುಳು ಕಾಯಿಲೆಯ ಕೊನೆಯ ಹಂತದಲ್ಲಿ 1,000 ಗ್ರಾಂಗಿಂತ ಕೆಳಗೆ ಇಳಿದಿರುವುದುಂಟು. ಅದು ಬಾತಿಲ್ಲ, ಬತ್ತಿದೆ.

ಬರೀ ಪದದ ತಕರಾರಾಗಿದ್ದರೆ ಬಿಟ್ಟುಬಿಡಬಹುದಿತ್ತು. ಆದರೆ ‘ಉರಿಯೂತ’ ಎಂದು ಕೇಳಿದ ಕೂಡಲೇ ಕೈ ಉರಿಯೂತ ತಗ್ಗಿಸುವ ಮಾತ್ರೆಯ ಕಡೆಗೆ, ಇಲ್ಲವೇ ಅರಿಶಿನದ ಡಬ್ಬಿಯ ಕಡೆಗೆ ಹೋಗುತ್ತದೆ. ಮನೆಯಲ್ಲಿ ಮರೆವಿನ ಕಾಯಿಲೆಯ ಹಿರಿಯರಿರುವ ಎಷ್ಟೋ ಕುಟುಂಬಗಳು ಇದನ್ನು ಮಾಡುತ್ತಿವೆ. ದೊಡ್ಡ ದೊಡ್ಡ ಸಂಶೋಧನಾ ತಂಡಗಳೂ ಇಪ್ಪತ್ತು ವರ್ಷ ಇದನ್ನೇ ಮಾಡಿದವು. ಅದು ಯಾಕೆ ಫಲಿಸಲಿಲ್ಲ, ಮನೆಯವರ ಕೈಯಲ್ಲಿ ನಿಜವಾಗಿ ಇರುವುದೇನು ಎಂಬುದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಮಿದುಳಿನ ಕೋಶಗಳಲ್ಲಿ ನೂರಕ್ಕೆ ಐದರಿಂದ ಹತ್ತು ಮೈಕ್ರೋಗ್ಲಿಯಾ. 1919ರಲ್ಲಿ ಸ್ಪೇನಿನ ಪಿಯೋ ದೆಲ್ ರಿಯೋ ಒರ್ತೇಗಾ ಬೆಳ್ಳಿಯ ಲವಣದ ಬಣ್ಣ ಹಚ್ಚಿ ಇವನ್ನು ಉಳಿದ ಕೋಶಗಳಿಂದ ಬಿಡಿಸಿ ತೋರಿಸಿ, ಹೆಸರಿಟ್ಟರು. ಇವು ನರಕೋಶಗಳ ಒಡಹುಟ್ಟುಗಳಲ್ಲ. ಭ್ರೂಣಕ್ಕೆ ಅಂಟಿಕೊಂಡ ಯೋಕ್ ಸ್ಯಾಕ್ ಎಂಬ ಚೀಲದಲ್ಲಿ ಹುಟ್ಟಿ, ಮಿದುಳು ಇನ್ನೂ ರೂಪುಗೊಳ್ಳುತ್ತಿರುವಾಗಲೇ ಒಳಗೆ ಬಂದು ಬೀಡುಬಿಡುವ ರೋಗನಿರೋಧಕ ಕೋಶಗಳು. ಒಂದೊಂದೂ ಸರಾಸರಿ ನಾಲ್ಕು ವರ್ಷಕ್ಕಿಂತ ತುಸು ಹೆಚ್ಚು ಬದುಕಿ, ಅಲ್ಲಿಯೇ ಹುಟ್ಟಿದ ಇನ್ನೊಂದಕ್ಕೆ ಜಾಗ ಬಿಡುತ್ತದೆ.

ಬಹಳ ಕಾಲ ಇವನ್ನು ಕಾಯಿಲೆ ಬರುವ ತನಕ ಮಲಗಿರುವ ಕಾವಲುಗಾರರು ಎಂದುಕೊಂಡಿದ್ದರು. 2005ರಲ್ಲಿ ಬದುಕಿರುವ ಇಲಿಯ ತಲೆಬುರುಡೆಯನ್ನು ಕಾಗದದಷ್ಟು ತೆಳ್ಳಗೆ ಉಜ್ಜಿ, ಅದರ ಮೂಲಕವೇ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕಂಡದ್ದು ಬೇರೆಯೇ. ಕೋಶದ ಒಡಲು ನಿಂತಲ್ಲೇ ನಿಂತಿದೆ, ಆದರೆ ಅದರ ಕವಲುಗಳು ಒಂದು ಕ್ಷಣವೂ ಸುಮ್ಮನಿಲ್ಲ. ಚಾಚುತ್ತವೆ, ಮುಟ್ಟುತ್ತವೆ, ಹಿಂದೆಗೆಯುತ್ತವೆ. ಕೆಲವೇ ಗಂಟೆಗಳಲ್ಲಿ ಇಡೀ ಮಿದುಳನ್ನು ಒಂದು ಸುತ್ತು ತಡವಿ ಮುಗಿಸುತ್ತವೆ. ಲೇಸರ್‌ನಿಂದ ಚುಕ್ಕಿಯಷ್ಟು ಗಾಯ ಮಾಡಿದರೆ ಸುತ್ತಲಿನ ಕವಲುಗಳೆಲ್ಲ ನಿಮಿಷಗಳಲ್ಲಿ ಆ ಕಡೆ ಬಾಗಿ ಗಾಯವನ್ನು ಸುತ್ತುಗಟ್ಟುತ್ತವೆ. ಆರೋಗ್ಯವಂತ ಮಿದುಳಿನಲ್ಲಿ ಹಗಲೂ ರಾತ್ರಿ ನಡೆಯುವ ಕೆಲಸ ಇದು.

ತಡವುವ ಕೆಲಸದ ಜೊತೆಗೆ ಕಳೆ ಕೀಳುವ ಕೆಲಸವೂ ಇದೆ. ಮಗುವಿನ ಮಿದುಳಿನಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಸಿನಾಪ್ಸ್‌ಗಳು, ಅಂದರೆ ನರಕೋಶಗಳ ನಡುವಿನ ಸಂಧಿಗಳು, ಹುಟ್ಟಿಕೊಳ್ಳುತ್ತವೆ. ಬೇಡದ ಸಂಧಿಗಳ ಮೇಲೆ ಸಿ1ಕ್ಯೂ, ಸಿ3 ಎಂಬ ಕಾಂಪ್ಲಿಮೆಂಟ್ ಪ್ರೋಟೀನ್‌ಗಳ ಗುರುತು ಬೀಳುತ್ತದೆ. ಮೈಕ್ರೋಗ್ಲಿಯಾ ಆ ಗುರುತು ನೋಡಿ ಅವನ್ನು ನುಂಗುತ್ತವೆ. ಬೆಳವಣಿಗೆ ಮುಗಿದ ಮೇಲೆ ಈ ಕೆಲಸ ಬಹುಪಾಲು ನಿಲ್ಲಬೇಕು. ಅಲ್ಝೈಮರ್‌ನಲ್ಲಿ ಅದು ಮತ್ತೆ ಶುರುವಾಗುತ್ತದೆ. ಇಲಿಗಳ ಮೇಲೆ ನಡೆದ, 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಮೈಲಾಯ್ಡ್ ಎಂಬ ಪ್ರೋಟೀನ್ ಕಸದ ಗಂಟುಗಳು ಕಾಣಿಸಿಕೊಳ್ಳುವ ಮೊದಲೇ ಸಿ1ಕ್ಯೂ ಗುರುತು ಬಿದ್ದು ಸಂಧಿಗಳು ಕಳೆದುಹೋಗುತ್ತಿದ್ದವು. ಸಿ1ಕ್ಯೂವನ್ನು ತಡೆದಾಗ ಸಂಧಿಗಳು ಉಳಿದವು. ಮನುಷ್ಯರಲ್ಲಿ ನೆನಪು ಎಷ್ಟು ಕುಂದಿದೆ ಎಂಬುದು ಅಮೈಲಾಯ್ಡ್ ಎಷ್ಟಿದೆ ಎನ್ನುವುದಕ್ಕಿಂತ ಸಂಧಿಗಳು ಎಷ್ಟು ಉಳಿದಿವೆ ಎನ್ನುವುದಕ್ಕೆ ಹೆಚ್ಚು ಹೊಂದುತ್ತದೆ. ಅದಕ್ಕೇ ಈ ವಿವರ ನನಗೆ ಇಡೀ ವಿಷಯದ ತಿರುಳು ಅನಿಸುತ್ತದೆ.

ಮೈಕ್ರೋಗ್ಲಿಯಾದ ಒಳಗೆ ಇನ್ನೊಂದು ಯಂತ್ರವಿದೆ, ಎನ್‌ಎಲ್‌ಆರ್‌ಪಿ3 ಇನ್‌ಫ್ಲಮಸೋಮ್. ಅಪಾಯದ ಸುಳಿವು ಸಿಕ್ಕಾಗ ಇದರ ಬಿಡಿಭಾಗಗಳು ಒಟ್ಟುಗೂಡಿ, ಕ್ಯಾಸ್ಪೇಸ್-1 ಎಂಬ ಕತ್ತರಿಯನ್ನು ಚಾಲೂ ಮಾಡುತ್ತವೆ. ಆ ಕತ್ತರಿ ಐಎಲ್-1 ಬೀಟಾ ಎಂಬ ಸೈಟೋಕೈನ್ ಅನ್ನು, ಅಂದರೆ ಉರಿಯೂತದ ಸಂದೇಶ ಒಯ್ಯುವ ಪ್ರೋಟೀನನ್ನು, ಕತ್ತರಿಸಿ ಹೊರಗೆ ಬಿಡುತ್ತದೆ. ಈ ಯಂತ್ರದ ಒಂದು ಭಾಗ ಎಎಸ್‌ಸಿ. ಅದರ ಉಂಡೆಗಳು ಕೋಶದಿಂದ ಹೊರಬಿದ್ದು ಪಕ್ಕದ ಅಮೈಲಾಯ್ಡ್‌ಗೆ ಅಂಟಿಕೊಂಡಾಗ, ಹಾಲಿಗೆ ಹೆಪ್ಪು ಹಾಕಿದಂತೆ ಅಮೈಲಾಯ್ಡ್ ಬೇಗ ಗಟ್ಟಿಗಟ್ಟುತ್ತದೆ ಎಂದು 2017ರಲ್ಲಿ ಗೊತ್ತಾಯಿತು. ಕಸ ಗುಡಿಸಲು ಬಂದ ಕೋಶವೇ ಕಸಕ್ಕೆ ಹೆಪ್ಪು ಹಾಕುತ್ತಿದೆ.

ಇನ್ನು ಮಾತ್ರೆಗಳ ಚರಿತ್ರೆ. 1980ರ ದಶಕದ ಕೊನೆಗೆ ವ್ಯಾಂಕೂವರ್‌ನ ಪ್ಯಾಟ್ರಿಕ್ ಮತ್ತು ಈಡಿತ್ ಮೆಕ್‌ಗೀರ್ ದಂಪತಿ, ಅಲ್ಝೈಮರ್ ಮತ್ತು ಪಾರ್ಕಿನ್ಸನ್‌ನಿಂದ ತೀರಿಕೊಂಡವರ ಮಿದುಳಿನಲ್ಲಿ ಕೆರಳಿದ ಮೈಕ್ರೋಗ್ಲಿಯಾ ತುಂಬಿರುವುದನ್ನು ತೋರಿಸಿದರು. ವರ್ಷಗಟ್ಟಲೆ ನೋವಿನ ಮಾತ್ರೆ ನುಂಗುವ ಸಂಧಿವಾತದ ರೋಗಿಗಳಲ್ಲಿ ಅಲ್ಝೈಮರ್ ಕಡಿಮೆ ಎಂಬುದನ್ನೂ ಅವರು ಗಮನಿಸಿದರು. 2001ರಲ್ಲಿ ನೆದರ್ಲೆಂಡ್ಸ್‌ನ ರಾಟರ್‌ಡ್ಯಾಮ್ ಅಧ್ಯಯನ ಬಂತು. 55 ದಾಟಿದ 6,989 ಜನರನ್ನು ಸರಾಸರಿ 6.8 ವರ್ಷ ಗಮನಿಸಿದಾಗ, ಎರಡು ವರ್ಷಕ್ಕಿಂತ ಹೆಚ್ಚು ಕಾಲ ಐಬುಪ್ರೊಫೆನ್ ಜಾತಿಯ ಮಾತ್ರೆ ತೆಗೆದುಕೊಂಡವರಲ್ಲಿ ಅಲ್ಝೈಮರ್ ಅಪಾಯ ಐದನೇ ಒಂದು ಪಾಲಿಗೆ ಇಳಿದಂತೆ ಕಂಡಿತು.

ಆ ಮೇಲೆ ನಡೆದದ್ದನ್ನು ಪ್ರಮಾಣ ಸಮೇತ ನೋಡಿ. ಕಾಯಿಲೆ ಇರುವ 351 ಜನರಿಗೆ ಒಂದು ವರ್ಷ ಇದೇ ಬಗೆಯ ಮಾತ್ರೆಗಳಾದ ರೋಫೆಕಾಕ್ಸಿಬ್ 25 ಮಿಗ್ರಾಂ, ಇಲ್ಲವೇ ನಾಪ್ರೊಕ್ಸೆನ್ 220 ಮಿಗ್ರಾಂ ದಿನಕ್ಕೆರಡು ಬಾರಿ, ಇಲ್ಲವೇ ಔಷಧವಿಲ್ಲದ ಹುಸಿಗುಳಿಗೆ ಕೊಟ್ಟರು. 2003ರಲ್ಲಿ ಬಂದ ಫಲಿತಾಂಶ: ವ್ಯತ್ಯಾಸವಿಲ್ಲ. ಆಗಷ್ಟೇ ಮರೆವು ಶುರುವಾದ 1,457 ಜನರಿಗೆ ರೋಫೆಕಾಕ್ಸಿಬ್ ಕೊಟ್ಟಾಗ, ಅದನ್ನು ತೆಗೆದುಕೊಂಡವರಲ್ಲೇ ಅಲ್ಝೈಮರ್‌ಗೆ ಜಾರಿದವರು ಹೆಚ್ಚು, ವರ್ಷಕ್ಕೆ ಶೇಕಡ 6.4, ಹುಸಿಗುಳಿಗೆಯವರಲ್ಲಿ 4.5. ಕಾಯಿಲೆ ಬರುವ ಮೊದಲೇ ಕೊಟ್ಟು ನೋಡೋಣವೆಂದು 70 ದಾಟಿದ, ಮನೆತನದಲ್ಲಿ ಕಾಯಿಲೆ ಇದ್ದ 2,528 ಜನರ ಮೇಲೆ ‘ಅಡಾಪ್ಟ್’ ಪರೀಕ್ಷೆ ಶುರುಮಾಡಿದರು. ಹೃದಯದ ಅಪಾಯದ ಭಯದಿಂದ 2004ರ ಡಿಸೆಂಬರ್‌ನಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಅಲ್ಲಿಯೂ ರಕ್ಷಣೆ ಕಾಣಲಿಲ್ಲ. ದಿನಕ್ಕೆ 100 ಮಿಗ್ರಾಂ ಆಸ್ಪಿರಿನ್ ಅನ್ನು 19,114 ಹಿರಿಯರಲ್ಲಿ ಪರೀಕ್ಷಿಸಿದ ‘ಆಸ್ಪ್ರೀ’ಯಲ್ಲೂ ಮರೆವಿನ ಕಾಯಿಲೆ ತಗ್ಗಲಿಲ್ಲ.

ಯಾಕೆ? ಮೊದಲನೆಯದಾಗಿ, ಈ ಮಾತ್ರೆಗಳು ತಡೆಯುವುದು ಸೈಕ್ಲೋಆಕ್ಸಿಜನೇಸ್ ಎಂಬ ಕಿಣ್ವವನ್ನು. ಮಂಡಿ ಊದಿದಾಗ ಅದೇ ಮುಖ್ಯ ನಲ್ಲಿ, ತಿರುಗಿಸಿದರೆ ನೀರು ನಿಲ್ಲುತ್ತದೆ. ಮಿದುಳಿನಲ್ಲಿ ಹಾನಿ ಹರಿಯುವುದು ಮೇಲೆ ಹೇಳಿದ ಕಾಂಪ್ಲಿಮೆಂಟ್ ಮತ್ತು ಇನ್‌ಫ್ಲಮಸೋಮ್‌ನಂಥ ಬೇರೆ ಕೊಳವೆಗಳಲ್ಲಿ. ಎರಡನೆಯದು, ನಾಪ್ರೊಕ್ಸೆನ್‌ನಂಥ ಔಷಧದ ಶೇಕಡ 99ಕ್ಕೂ ಹೆಚ್ಚು ಪಾಲು ರಕ್ತದ ಪ್ರೋಟೀನ್‌ಗೆ ಅಂಟಿಕೊಂಡಿರುತ್ತದೆ, ಮಿದುಳಿಗೆ ದಾಟುವುದು ಅತ್ಯಲ್ಪ. ಮೂರನೆಯದು ಕಾಲ. ಮರೆವು ಕಾಣಿಸಿಕೊಳ್ಳುವುದಕ್ಕೆ 15ರಿಂದ 20 ವರ್ಷ ಮೊದಲೇ ಅಮೈಲಾಯ್ಡ್ ಶೇಖರವಾಗತೊಡಗಿರುತ್ತದೆ. ರಾಟರ್‌ಡ್ಯಾಮ್‌ನ ಅಂಕಿಯ ಒಳಗೂ ಒಂದು ಬಲೆ ಇರಬಹುದು. ಮರೆವು ಶುರುವಾಗುತ್ತಿರುವವರು ನೋವನ್ನು ಹೇಳಿಕೊಳ್ಳುವುದೂ, ಮಾತ್ರೆಯನ್ನು ನೆನಪಿಟ್ಟು ತರಿಸಿಕೊಳ್ಳುವುದೂ ಕಡಿಮೆಯಾಗುತ್ತದೆ. ಆಗ ಮಾತ್ರೆ ಕಾಯಿಲೆಯನ್ನು ತಡೆದಂತೆ ಕಾಣುತ್ತದೆ, ನಡೆದಿರುವುದು ಕಾಯಿಲೆ ಮಾತ್ರೆಯನ್ನು ತಪ್ಪಿಸಿರುವುದು.

ಎಲ್ಲಕ್ಕಿಂತ ದೊಡ್ಡ ಕಾರಣ ಬೇರೆ ಇದೆ. ನಂದಿಸಬಾರದ್ದನ್ನು ನಂದಿಸಲು ಹೊರಟಿದ್ದು. 2007ರಲ್ಲಿ ಎಎಲ್‌ಎಸ್ (ಸ್ನಾಯು ನಡೆಸುವ ನರಕೋಶಗಳು ಸಾಯುವ) ಕಾಯಿಲೆಯ 412 ರೋಗಿಗಳ ಮೇಲೆ, ಮೈಕ್ರೋಗ್ಲಿಯಾವನ್ನು ಶಾಂತಗೊಳಿಸುತ್ತದೆ ಎಂದು ಇಲಿಗಳಲ್ಲಿ ಕಂಡಿದ್ದ ಮಿನೋಸೈಕ್ಲಿನ್ ಅನ್ನು ದಿನಕ್ಕೆ 400 ಮಿಗ್ರಾಂವರೆಗೆ ಕೊಟ್ಟ ಪರೀಕ್ಷೆಯ ಫಲ ಪ್ರಕಟವಾಯಿತು. ಔಷಧ ಪಡೆದವರು ಶೇಕಡ 25ರಷ್ಟು ಬೇಗ ಕುಸಿದರು. ಈ ಅಂಕಿಯನ್ನು ನೋಡಿದಾಗಲೆಲ್ಲ ಸಂಕಟವಾಗುತ್ತದೆ.

ಟ್ರೆಮ್2 ಎಂಬ ಜೀನ್ ಇದನ್ನು ಇನ್ನೂ ಸ್ಪಷ್ಟಗೊಳಿಸಿತು. ಇದು ಮೈಕ್ರೋಗ್ಲಿಯಾದ ಮೇಲ್ಮೈಯಲ್ಲಿರುವ ಗ್ರಾಹಕ, ಸತ್ತ ಕೋಶದ ಕೊಬ್ಬನ್ನೂ ಅಮೈಲಾಯ್ಡ್ ಅನ್ನೂ ಮೂಸಿ ನೋಡುವ ಮೂಗು. ಇದರ 47ನೇ ಸ್ಥಾನದಲ್ಲಿ ಆರ್ಜಿನಿನ್ ಬದಲು ಹಿಸ್ಟಿಡಿನ್ ಬಂದವರಿಗೆ ಅಲ್ಝೈಮರ್ ಅಪಾಯ ಸುಮಾರು ಮೂರು ಪಟ್ಟು ಎಂದು 2012ರ ಕೊನೆಗೆ, ಐಸ್‌ಲೆಂಡಿನ ಜನರ ಜೀನ್‌ಗಳನ್ನು ನೋಡಿದವರೂ ಮತ್ತೊಂದು ತಂಡವೂ ಒಟ್ಟಿಗೇ ತೋರಿಸಿದರು. ಆ ಬದಲಾವಣೆ ಗ್ರಾಹಕವನ್ನು ಚುರುಕುಗೊಳಿಸುವುದಿಲ್ಲ, ಮಂಕುಮಾಡುತ್ತದೆ. ಅಂದರೆ ಮೈಕ್ರೋಗ್ಲಿಯಾ ಕಡಿಮೆ ಸ್ಪಂದಿಸಿದರೆ ಕಾಯಿಲೆ ಹೆಚ್ಚು. ಹತ್ತಿರದಿಂದ ನೋಡಿದರೆ ಕಾರಣ ಕಣ್ಣಿಗೇ ಕಾಣುತ್ತದೆ. ಸರಿಯಾದ ಟ್ರೆಮ್2 ಇರುವ ಮೈಕ್ರೋಗ್ಲಿಯಾ ಅಮೈಲಾಯ್ಡ್ ಗಂಟಿನ ಸುತ್ತ ಒತ್ತಾಗಿ ಕೂತು, ಅದನ್ನು ಅದುಮಿ ನುಣ್ಣಗಿನ ಉಂಡೆ ಮಾಡಿರುತ್ತವೆ. ಮಂಕಾದ ಟ್ರೆಮ್2 ಇದ್ದಲ್ಲಿ ಬೇಲಿ ಹರಕು. ಗಂಟಿನಿಂದ ಮುಳ್ಳುಗಳಂತೆ ಎಳೆಗಳು ಹೊರಚಾಚಿ, ಪಕ್ಕದ ನರತಂತುಗಳು ಗುಳ್ಳೆಗುಳ್ಳೆಯಾಗಿ ಉಬ್ಬಿರುತ್ತವೆ. ಟ್ರೆಮ್2 ಎರಡೂ ಪ್ರತಿಗಳಲ್ಲಿ ಪೂರ್ತಿ ಕೆಟ್ಟರೆ ಬರುವುದು ನಾಸು-ಹಕೋಲಾ ಕಾಯಿಲೆ. ಮೊದಲು ಮೂಳೆಗಳಲ್ಲಿ ಟೊಳ್ಳು, ಮೂವತ್ತು ನಲವತ್ತರ ಪ್ರಾಯಕ್ಕೇ ಮರೆವು.

ಹಾಗಾದರೆ ಕೆರಳಿಸಿಬಿಟ್ಟರೆ? ಅದೂ ಸಲೀಸಲ್ಲ. ಅಮೈಲಾಯ್ಡ್ ವಿರುದ್ಧದ ಎಎನ್1792 ಲಸಿಕೆಯನ್ನು 298 ಜನರಿಗೆ ಕೊಟ್ಟಾಗ 18 ಮಂದಿಗೆ ಮಿದುಳಿನ ಉರಿಯೂತವೇ ಬಂದು, 2002ರಲ್ಲಿ ಪರೀಕ್ಷೆ ನಿಂತಿತು. ಟ್ರೆಮ್2 ಅನ್ನು ಚುರುಕುಗೊಳಿಸುವ ಎಎಲ್002 ಎಂಬ ಪ್ರತಿಕಾಯ 2024ರ ನವೆಂಬರ್‌ನಲ್ಲಿ ಸೋತಿತು. ಈಗ ಬಳಕೆಗೆ ಬಂದಿರುವ ಲೆಕಾನೆಮ್ಯಾಬ್ ಎರಡು ವಾರಕ್ಕೊಮ್ಮೆ ಕೆಜಿ ತೂಕಕ್ಕೆ 10 ಮಿಗ್ರಾಂ ಲೆಕ್ಕದಲ್ಲಿ ರಕ್ತನಾಳಕ್ಕೆ ಹೋಗುತ್ತದೆ. ಅದು ಅಮೈಲಾಯ್ಡ್‌ಗೆ ಅಂಟಿ, ಅದನ್ನು ನುಂಗಲು ಮೈಕ್ರೋಗ್ಲಿಯಾವನ್ನೇ ಕರೆಯುತ್ತದೆ. 1,795 ಜನರ ಪರೀಕ್ಷೆಯಲ್ಲಿ 18 ತಿಂಗಳಿಗೆ ಕುಸಿತ ಶೇಕಡ 27ರಷ್ಟು ನಿಧಾನವಾಯಿತು. ಔಷಧ ಪಡೆದವರಲ್ಲಿ ಶೇಕಡ 12.6 ಮಂದಿಗೆ ಎಂಆರ್‌ಐನಲ್ಲಿ ಮಿದುಳಿನ ಊತ ಕಂಡಿತು. ಅಲ್ಝೈಮರ್ ಅಪಾಯ ಹೆಚ್ಚಿಸುವ ಎಪಿಒಇ4 ಜೀನ್‌ನ ಎರಡು ಪ್ರತಿ ಇರುವವರಲ್ಲಿ ಅದು ಸುಮಾರು ಮೂರರಲ್ಲೊಬ್ಬರಿಗೆ. ಹಾಗಾಗಿ ಈ ಔಷಧ ಶುರುಮಾಡುವ ಮೊದಲು ಎಪಿಒಇ ಪರೀಕ್ಷೆ, ಮೊದಲ ತಿಂಗಳುಗಳಲ್ಲಿ ಮತ್ತೆ ಮತ್ತೆ ಎಂಆರ್‌ಐ ಅಗತ್ಯ. ರಕ್ತ ತೆಳುಮಾಡುವ ಮಾತ್ರೆ ತೆಗೆದುಕೊಳ್ಳುವವರು ವೈದ್ಯರಿಗೆ ಮೊದಲೇ ತಿಳಿಸಲೇಬೇಕು.

ಪಾರ್ಕಿನ್ಸನ್ ಬಗ್ಗೆ ಒಂದೇ ಸಂಗತಿ ಹೇಳುತ್ತೇನೆ. 1982ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕೆಲವು ಯುವಕರು ಪಾರ್ಕಿನ್ಸನ್‌ನಂಥದ್ದೇ ಸೆಟೆತ ತರುವ ಎಂಪಿಟಿಪಿ ಎಂಬ ವಿಷ ಬೆರೆತ ಮಾದಕ ವಸ್ತುವನ್ನು ಚುಚ್ಚಿಕೊಂಡು, ದಿನಗಳಲ್ಲಿ ಕಂಬದಂತೆ ಸೆಟೆದುಹೋದರು. ಹೀಗೆ ಎಂಪಿಟಿಪಿಗೆ ತುತ್ತಾದ ಮೂವರ ಮಿದುಳನ್ನು ಸಾವಿನ ನಂತರ ಪರೀಕ್ಷಿಸಿದ ವರದಿ 1999ರಲ್ಲಿ ಬಂತು. ವಿಷ ಹೊಕ್ಕು 3ರಿಂದ 16 ವರ್ಷಗಳಾಗಿದ್ದರೂ ಮೈಕ್ರೋಗ್ಲಿಯಾ ಇನ್ನೂ ಗುಂಪುಕಟ್ಟಿ, ಸತ್ತ ನರಕೋಶಗಳಿಂದ ಚೆಲ್ಲಿದ ಕಪ್ಪು ಮೆಲನಿನ್ ಅನ್ನು ನುಂಗುತ್ತಿದ್ದವು. ವಿಷ ಯಾವತ್ತೋ ಹೋಗಿತ್ತು, ಕೆರಳಿಕೆ ತನ್ನಷ್ಟಕ್ಕೆ ತಾನೇ ನಡೆದಿತ್ತು.

ಅರಿಶಿನದ ಲೆಕ್ಕ ಈಗ ಮಾಡೋಣ. ಪುಡಿಯಲ್ಲಿ ಕರ್ಕ್ಯುಮಿನ್ ಎಂಬ ಹಳದಿ ಅಂಶ ಸುಮಾರು ಶೇಕಡ 3. ಒಂದು ಟೀ ಚಮಚ, ಅಂದರೆ 3 ಗ್ರಾಂ ಪುಡಿಯಲ್ಲಿ ಸಿಗುವುದು 90 ಮಿಗ್ರಾಂ. ಅಲ್ಝೈಮರ್ ರೋಗಿಗಳಿಗೆ 24 ವಾರ ದಿನಕ್ಕೆ 2 ಗ್ರಾಂ ಇಲ್ಲವೇ 4 ಗ್ರಾಂ ಕರ್ಕ್ಯುಮಿನ್ ಕೊಟ್ಟ ಪರೀಕ್ಷೆ 2012ರಲ್ಲಿ ಪ್ರಕಟವಾಯಿತು, ಪ್ರಯೋಜನ ಕಾಣಲಿಲ್ಲ. 4 ಗ್ರಾಂ ಎಂದರೆ ದಿನಕ್ಕೆ 130 ಗ್ರಾಂ ಅರಿಶಿನ ಪುಡಿ. ಮೆಣಸಿನ ಜೊತೆ ತೆಗೆದುಕೊಂಡರೆ ಇಪ್ಪತ್ತು ಪಟ್ಟು ಹೀರಿಕೊಳ್ಳುತ್ತದೆ ಎಂಬ ಮಾತು ಹುಟ್ಟಿದ್ದು ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಿಂದ 1998ರಲ್ಲಿ ಬಂದ ಅಧ್ಯಯನದಿಂದ. 2 ಗ್ರಾಂ ಕರ್ಕ್ಯುಮಿನ್ ಜೊತೆ ಮೆಣಸಿನ ಖಾರದ ಅಂಶವಾದ ಪೈಪರಿನ್ 20 ಮಿಗ್ರಾಂ ಕೊಟ್ಟಿದ್ದರು. ಅಂಕಿ ಸರಿಯೇ. ಆದರೆ ಕರ್ಕ್ಯುಮಿನ್ ಒಂದನ್ನೇ ಕೊಟ್ಟಾಗ ರಕ್ತದಲ್ಲಿ ಸಿಕ್ಕಿದ್ದು ಇಲ್ಲವೆನ್ನುವಷ್ಟು. ಅದರ ಇಪ್ಪತ್ತು ಪಟ್ಟೂ ಅಲ್ಪವೇ. ಪೈಪರಿನ್ ಕೆಲಸ ಮಾಡುವುದು ಔಷಧಗಳನ್ನು ಕರಗಿಸಿ ಹೊರಹಾಕುವ ದಾರಿಯನ್ನೇ ತಡೆದು, ಹಾಗಾಗಿ ಮೂರ್ಛೆರೋಗಕ್ಕೆ ಕೊಡುವ ಫೆನಿಟೋಯಿನ್‌ನಂಥ ಬೇರೆ ಮಾತ್ರೆಗಳ ಮಟ್ಟವೂ ಏರಬಹುದು. ಪೈಪರಿನ್ ಸೇರಿಸಿದ ಅರಿಶಿನ ಕ್ಯಾಪ್ಸೂಲ್‌ಗಳಿಂದ ಯಕೃತ್ತು ಕೆಟ್ಟ ಪ್ರಕರಣಗಳು ದಾಖಲಾಗಿವೆ. ಸಾರಿಗೆ, ಪಲ್ಯಕ್ಕೆ ಹಾಕುವ ಅರಿಶಿನಕ್ಕೆ ಯಾವ ಅಡ್ಡಿಯೂ ಇಲ್ಲ. ಕ್ಯಾಪ್ಸೂಲ್ ಬೇಡ.

ಮನೆಯವರ ಕೈಯಲ್ಲಿ ನಿಜವಾಗಿ ಇರುವುದು ಮೈಯ ಉರಿಯೂತ. ಕಾಯಿಲೆಯ ಮಿದುಳಿನಲ್ಲಿ ಮೈಕ್ರೋಗ್ಲಿಯಾ ಸದಾ ತುದಿಗಾಲ ಮೇಲೆ ನಿಂತಿರುತ್ತವೆ. ಶ್ವಾಸಕೋಶದಲ್ಲೋ ಮೂತ್ರಕೋಶದಲ್ಲೋ ಸೋಂಕಾದರೆ ಅದರ ಸುದ್ದಿ ವೇಗಸ್ ನರದ ಮೂಲಕ, ರಕ್ತನಾಳದ ಗೋಡೆಗಳ ಮೂಲಕ ಒಳಗೆ ಮುಟ್ಟುತ್ತದೆ. ಆರೋಗ್ಯವಂತರಿಗೆ ಮಂಪರು, ಹಸಿವಿಲ್ಲದಿರುವುದು, ಅಷ್ಟೇ. ತುದಿಗಾಲಲ್ಲಿ ನಿಂತ ಮೈಕ್ರೋಗ್ಲಿಯಾ ಇರುವವರಿಗೆ ಸನ್ನಿ, ಅಂದರೆ ದಿಢೀರನೆ ಬುದ್ಧಿ ಮಂಕಾಗುವ ಡೆಲಿರಿಯಮ್. ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ 300 ಅಲ್ಝೈಮರ್ ರೋಗಿಗಳನ್ನು ಆರು ತಿಂಗಳು ಗಮನಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಡುವೆ ಸೋಂಕು ಅಥವಾ ಗಾಯವಾದವರ ನೆನಪು ಎರಡು ಪಟ್ಟು ಬೇಗ ಕುಸಿದಿತ್ತು. ರಕ್ತದಲ್ಲಿ ಟಿಎನ್‌ಎಫ್ ಎಂಬ ಉರಿಯೂತದ ಪ್ರೋಟೀನ್ ಮೊದಲೇ ಹೆಚ್ಚಿದ್ದವರದು ನಾಲ್ಕು ಪಟ್ಟು.

ಸನ್ನಿಯನ್ನು ಗುರುತಿಸುವುದರಲ್ಲೇ ಹೆಚ್ಚು ಜನ ಎಡವುತ್ತಾರೆ. ಮರೆವು ತಿಂಗಳುಗಳಲ್ಲಿ ಏರುತ್ತದೆ. ಸನ್ನಿ ಗಂಟೆಗಳಲ್ಲಿ, ಒಂದೆರಡು ದಿನಗಳಲ್ಲಿ ಬರುತ್ತದೆ, ಬೆಳಿಗ್ಗೆ ಪರವಾಗಿಲ್ಲ ಅನಿಸಿ ಸಂಜೆಗೆ ಕೆಡುತ್ತದೆ. ಕೂಗಾಡುವ ಸನ್ನಿ ಎಲ್ಲರಿಗೂ ಕಾಣುತ್ತದೆ. ಸುಮ್ಮನೆ ಮಲಗಿರುವ, ತುತ್ತು ಬಾಯಲ್ಲೇ ಇಟ್ಟುಕೊಂಡಿರುವ, ಕರೆದರೆ ತಡವಾಗಿ ಕಣ್ಣು ಬಿಡುವ ಸನ್ನಿ ‘ಇವತ್ತು ತೊಂದರೆ ಕೊಡದೆ ನಿದ್ದೆ ಮಾಡಿದರು’ ಎಂಬ ಸಮಾಧಾನದಲ್ಲಿ ತಪ್ಪಿಹೋಗುತ್ತದೆ. ವಾರದ ದಿನಗಳನ್ನು ಶನಿವಾರದಿಂದ ಹಿಂದಕ್ಕೆ ಹೇಳಿಸಿ. ಮೊನ್ನೆಯವರೆಗೆ ಹೇಳುತ್ತಿದ್ದವರು ಇವತ್ತು ಗುರುವಾರಕ್ಕೇ ನಿಂತು ಬೇರೆಲ್ಲೋ ನೋಡಿದರೆ ಅದನ್ನು ಹಗುರಾಗಿ ತೆಗೆದುಕೊಳ್ಳಬೇಡಿ.

ಜ್ವರಕ್ಕಾಗಿ ಕಾಯುವುದು ಇನ್ನೊಂದು ತಪ್ಪು. ಹಿರಿಯರಿಗೆ ಮೈ ಬಿಸಿ ಏರುವುದು ಕಡಿಮೆ. ಅವರ ಮಾಮೂಲಿ ತಾಪ ಎಷ್ಟೆಂದು ಆರೋಗ್ಯವಾಗಿದ್ದಾಗಲೇ ಬರೆದಿಟ್ಟುಕೊಳ್ಳಿ. ಅದಕ್ಕಿಂತ 2 ಡಿಗ್ರಿ ಫ್ಯಾರನ್‌ಹೀಟ್ ಏರಿದರೆ, ಅಥವಾ ಬಾಯಲ್ಲಿ ಇಟ್ಟ ಥರ್ಮಾಮೀಟರ್ 100 ದಾಟಿದರೆ ಅದು ಜ್ವರವೇ. ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸಿ, 25 ಮುಟ್ಟಿದರೆ ನ್ಯುಮೋನಿಯಾ ಶಂಕಿಸಿ ಅಂದೇ ವೈದ್ಯರಲ್ಲಿಗೆ ಹೋಗಿ. ಮೂತ್ರದ ವಾಸನೆ ಅಥವಾ ಬಣ್ಣ ಬದಲಾಗಿದೆ ಎಂಬುದೊಂದೇ ಕಾರಣಕ್ಕೆ ಆಂಟಿಬಯೋಟಿಕ್ ಶುರುಮಾಡಬಾರದು. ವಯಸ್ಸಾದವರ ಮೂತ್ರದಲ್ಲಿ ತೊಂದರೆ ಕೊಡದ ಬ್ಯಾಕ್ಟೀರಿಯಾ ಇರುವುದು ಸಾಮಾನ್ಯ. ಉರಿಮೂತ್ರ, ಜ್ವರ, ಕೆಳಹೊಟ್ಟೆ ನೋವು ಯಾವುದೂ ಇಲ್ಲದಿದ್ದರೆ ಸನ್ನಿಯ ಕಾರಣ ಬೇರೆ ಕಡೆ ಇರಬಹುದು. ಮಲಬದ್ಧತೆ, ಮೂತ್ರ ಕಟ್ಟಿರುವುದು, ನೀರಿನಂಶ ಕಡಿಮೆಯಾಗಿರುವುದು, ಹೊಸ ಮಾತ್ರೆ.

ಮಾತ್ರೆಗಳ ವಿಷಯದಲ್ಲಿ ಎರಡು ಬಲೆಗಳಿವೆ. ನೆಗಡಿಯ ಮಾತ್ರೆ, ಕೆಮ್ಮಿನ ಸಿರಪ್‌ಗಳಲ್ಲಿರುವ ಕ್ಲೋರ್‌ಫೆನಿರಮೈನ್, ಡೈಫೆನ್‌ಹೈಡ್ರಮೈನ್, ನಡುಕಕ್ಕೆ ಕೊಡುವ ಟ್ರೈಹೆಕ್ಸಿಫೆನಿಡಿಲ್, ಇವು ಅಸಿಟೈಲ್‌ಕೋಲಿನ್ ಎಂಬ ಮಿದುಳಿನ ಸಂದೇಶ ರಾಸಾಯನಿಕವನ್ನು ತಡೆದು ಸನ್ನಿಯನ್ನು ತಾವೇ ತರಬಲ್ಲವು. ಇನ್ನೊಂದು, ಬಿಪಿಗೆ ಟೆಲ್ಮಿಸಾರ್ಟನ್, ಜೊತೆಗೆ ಮೂತ್ರ ಹೆಚ್ಚಿಸುವ ಮಾತ್ರೆ, ಅದರ ಮೇಲೆ ಮಂಡಿನೋವಿಗೆ ಡೈಕ್ಲೋಫೆನಾಕ್. ಈ ಮೂರೂ ಸೇರಿದರೆ, ಅದರಲ್ಲೂ ಭೇದಿಯೋ ಜ್ವರವೋ ಇದ್ದಾಗ, ಕಿಡ್ನಿ ದಿಢೀರನೆ ಕುಸಿಯಬಹುದು. ನೋವಿಗೆ ಮೊದಲ ಆಯ್ಕೆ ಪ್ಯಾರಸಿಟಮಾಲ್, ದಿನಕ್ಕೆ 3 ಗ್ರಾಂ ಮೀರದಂತೆ. 50 ಕೆಜಿಗಿಂತ ಹಗುರಾದವರಿಗೂ ಯಕೃತ್ತಿನ ತೊಂದರೆ ಇರುವವರಿಗೂ ಇನ್ನೂ ಕಡಿಮೆ. ನೆಗಡಿಯ ಕೂಡುಮಾತ್ರೆಯಲ್ಲೂ ಪ್ಯಾರಸಿಟಮಾಲ್ ಇರುತ್ತದೆ, ಅದನ್ನೂ ಲೆಕ್ಕಕ್ಕೆ ಸೇರಿಸಿ.

ತಡೆಯುವ ಕೆಲಸ ಬಾಯಿಂದ ಶುರು. ಹಲ್ಲು, ವಸಡು, ನಾಲಿಗೆಯನ್ನು ದಿನಕ್ಕೆ ಎರಡು ಬಾರಿ ಉಜ್ಜಿದರೆ, ಕಟ್ಟಿಸಿದ ಹಲ್ಲನ್ನು ರಾತ್ರಿ ತೆಗೆದರೆ ನ್ಯುಮೋನಿಯಾ ಕಡಿಮೆಯಾಗುತ್ತದೆ. ಊಟ ಮಾಡಿಸುವಾಗ ಬೆನ್ನು ನೆಟ್ಟಗಿರಲಿ, ಆಮೇಲೂ ಅರ್ಧ ಗಂಟೆ ಹಾಗೇ ಕೂರಿಸಿ. ಫ್ಲೂ ಲಸಿಕೆ ವರ್ಷಕ್ಕೊಮ್ಮೆ, ನ್ಯುಮೋಕಾಕಲ್ ಲಸಿಕೆ ವೈದ್ಯರ ಸಲಹೆಯಂತೆ. ಸರ್ಪಸುತ್ತಿನ ಲಸಿಕೆಯ ಬಗ್ಗೆ 2025ರಲ್ಲಿ ಬಂದ ವೇಲ್ಸ್‌ನ ಅಧ್ಯಯನ ಗಮನಾರ್ಹ. ಅಲ್ಲಿ 1933ರ ಸೆಪ್ಟೆಂಬರ್ 2ರಂದು ಅಥವಾ ನಂತರ ಹುಟ್ಟಿದವರಿಗೆ ಮಾತ್ರ ಲಸಿಕೆಯ ಅರ್ಹತೆ ಇತ್ತು. ಕೆಲವೇ ದಿನ ಹಿಂದೆ ಮುಂದೆ ಹುಟ್ಟಿದವರನ್ನು ಹೋಲಿಸಿದಾಗ, ಲಸಿಕೆ ಪಡೆದವರಲ್ಲಿ ಏಳು ವರ್ಷಗಳಲ್ಲಿ ಮರೆವಿನ ಕಾಯಿಲೆ ಸುಮಾರು ಐದರಲ್ಲೊಂದು ಪಾಲು ಕಡಿಮೆ ಇತ್ತು. ಅದು ಹಳೆಯ ಜೀವಂತ ಲಸಿಕೆ. ನಮ್ಮಲ್ಲಿ ಈಗ ಸಿಗುವುದು ಬೇರೆ ಬಗೆಯದು, 50 ದಾಟಿದವರಿಗೆ ಎರಡರಿಂದ ಆರು ತಿಂಗಳ ಅಂತರದಲ್ಲಿ ಎರಡು ಡೋಸ್. ಮರೆವಿನ ಲೆಕ್ಕ ಬದಿಗಿಟ್ಟರೂ ಸರ್ಪಸುತ್ತಿನ ನೋವನ್ನು ತಪ್ಪಿಸಲಿಕ್ಕಾದರೂ ಅದು ಯೋಗ್ಯ ಅನ್ನುವುದು ನನ್ನ ಅಭಿಪ್ರಾಯ.

ಸಿಆರ್‌ಪಿ ಎಂಬ ರಕ್ತಪರೀಕ್ಷೆ ಮಾಡಿಸಿ ಮಿದುಳಿನ ಉರಿಯೂತ ಅಳೆಯುತ್ತೇವೆ ಎನ್ನುವ ಪ್ಯಾಕೇಜುಗಳಿಗೆ ದುಡ್ಡು ಹಾಕಬೇಡಿ, ಅದು ಮೈಯ ಸುದ್ದಿ ಹೇಳುತ್ತದೆ, ಮಿದುಳಿನದ್ದಲ್ಲ. ಆಸ್ಟ್ರೋಸೈಟ್ ಎಂಬ ಮಿದುಳಿನ ಪೋಷಕ ಕೋಶಗಳಿಂದ ರಕ್ತಕ್ಕೆ ಬರುವ ಜಿಎಫ್‌ಎಪಿಯಂಥ ಸೂಚಕಗಳು ಹೆಚ್ಚಾಗಿ ಸಂಶೋಧನೆಯ ಬಳಕೆಯಲ್ಲಿವೆ. ಭಾರತದಲ್ಲಿ 60 ದಾಟಿದವರಲ್ಲಿ ಶೇಕಡ 7.4, ಅಂದರೆ ಸುಮಾರು 88 ಲಕ್ಷ ಜನರಿಗೆ ಮರೆವಿನ ಕಾಯಿಲೆ ಇದೆ ಎಂಬ ಅಂದಾಜಿದೆ. ಇಂಥ ಸೂಚಕಗಳ ಮಟ್ಟ ನಮ್ಮ ಹಳ್ಳಿಗರಲ್ಲಿ ಎಷ್ಟಿರಬೇಕು ಎಂದು ತಿಳಿಯಲು ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ 45 ದಾಟಿದ 10,000 ಜನರನ್ನು ವರ್ಷಗಟ್ಟಲೆ ಗಮನಿಸುವ ಗುರಿಯ ಅಧ್ಯಯನದಂಥವೇ ಬೇಕು. ಐಐಎಸ್‌ಸಿ ಆವರಣದ ಮಿದುಳು ಸಂಶೋಧನಾ ಕೇಂದ್ರ ಅದನ್ನು ನಡೆಸುತ್ತಿದೆ.

ಸನ್ನಿ ಇಳಿಯಲು ದಿನಗಳು ಸಾಕಾಗಬಹುದು, ವಾರಗಳೂ ಬೇಕಾಗಬಹುದು. ಆ ಅವಧಿಯಲ್ಲಿ ನೆನಪಿನ ಪರೀಕ್ಷೆ ಮಾಡಿಸಿದರೆ ಅಂಕ ಇರುವುದಕ್ಕಿಂತ ಕೆಳಗೆ ಬರುತ್ತದೆ, ಹೊಸ ರೋಗನಿರ್ಣಯಕ್ಕೆ ಅದನ್ನು ಆಧಾರ ಮಾಡಬೇಡಿ ಎಂದು ಕೇಳಿಕೊಳ್ಳಿ. ಆಸ್ಪತ್ರೆಗೆ ಹೋಗುವಾಗ ಕನ್ನಡಕ ಮತ್ತು ಶ್ರವಣಯಂತ್ರ ಮರೆಯಬೇಡಿ. ಜೊತೆಗೊಂದು ಚೀಟಿ ಇರಲಿ. ಕೊನೆಯ ಬಾರಿ ಮಾಮೂಲಿನಂತೆ ಇದ್ದದ್ದು ಯಾವ ದಿನ ಎಷ್ಟು ಹೊತ್ತಿಗೆ, ಹಿಂದಿನ ಏಳು ದಿನಗಳಲ್ಲಿ ಶುರುಮಾಡಿದ ಅಥವಾ ನಿಲ್ಲಿಸಿದ ಮಾತ್ರೆ ಯಾವುದು, ತಾಪ ಮತ್ತು ಉಸಿರಿನ ಎಣಿಕೆ ಎಷ್ಟು, ಕೊನೆಯ ಸಲ ಮೂತ್ರ, ಮಲ ಆದದ್ದು ಯಾವಾಗ. ಮಾತ್ರೆಗಳ ಹಾಳೆಗಳನ್ನೆಲ್ಲ, ಖಾಲಿಯಾದವನ್ನೂ ಸೇರಿಸಿ, ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ.